ಅರ್ಧ ಲೀಟರಿನ ಅತ್ಯಾ

ಇಡೀ ಹೈದರಾಬಾದಿನಲ್ಲಿ ಎಮ್ಮೆಗಳು ಹೆದರುತ್ತಿದ್ದದ್ದು ಒಬ್ಬರೇ ಒಬ್ಬರಿಗೆ. ಅದು ನಮ್ಮ ಅತ್ಯಾ! ನಗಬೇಡಿ, ಇದಕ್ಕೆ ಸಾಕ್ಷಿಯಿದೆ. ಎಮ್ಮೆಗಳ ಯಜಮಾನನೇ ನಮ್ಮ ಮನೆ ಬಾಗಿಲಿಗೆ ಬಂದು ದೂರು ಹೇಳಿದ್ದಾನೆ, ನಾನೇ ಕಿವಿಯಾರೆ ಕೇಳಿದ್ದೇನೆ. ಸುಳ್ಳು ಹೇಳಿ ಆ ಮನುಷ್ಯನಿಗೇನಾಗಬೇಕಿತ್ತು?

ಅತ್ಯಾ ಎಂದರೆ ನನ್ನ ಸೋದರತ್ತೆ, ಅಪ್ಪನ ಅಕ್ಕ. ನಮ್ಮ ಲಿಂಗಸುಗೂರಿನ ಕಡೆ ಹಾಗೇ ಕರೆಯುವುದು. ಅವಳ ಗಂಡ, ನಮ್ಮ ಮಾಮಾ, ಜೀಡಿಮೆಟ್ಲಾದ ಒಂದು ಗುಳಿಗೆ ಕಾರ್ಖಾನೆಯಲ್ಲಿ ಮಷೀನು ನೋಡಿಕೊಳ್ಳುತ್ತಿದ್ದರು. ಮನೆ ಮಾತ್ರ ಹಿಮಾಯತ್‌ನಗರದ ಹಳೆಯ ಗಲ್ಲಿಯೊಂದರಲ್ಲಿ. ಅಲ್ಲಿಗೂ ಇಲ್ಲಿಗೂ ಎರಡು ಬಸ್ಸಿನ ದಾರಿ. ಆದರೂ ಆ ಎರಡು ಕೋಣೆ ಬಿಡಲು ಅತ್ಯಾ ಒಪ್ಪಿರಲಿಲ್ಲ, ಯಾಕೆಂದರೆ ತಬೇಲಾ ಹತ್ತಿರವಿತ್ತು! ಗಂಡನ ಕಾರ್ಖಾನೆ ದೂರವಾದರೂ ಚಿಂತೆಯಿಲ್ಲ, ಎಮ್ಮೆ ದೂರವಾಗಬಾರದು.

ಹತ್ತನೆಯ ತರಗತಿ ಮುಗಿಸಿದ ನನ್ನನ್ನು ಕಾಲೇಜು ಓದಲೆಂದು ಅಪ್ಪ ಆ ಮನೆಗೆ ತಂದು ಬಿಟ್ಟರು. ಅಲ್ಲಿ ಆಗಲೇ ಮೂವರಿದ್ದರು: ಅತ್ಯಾ, ಮಾಮಾ, ಎಂಟನೆಯ ತರಗತಿಯಲ್ಲಿದ್ದ ಅವರ ಮಗಳು. ನಾನು ನಾಲ್ಕನೆಯವಳು. ದಿನದ ಹಾಲು ಅರ್ಧ ಲೀಟರು. ನಾನು ಬಂದೆನೆಂದು ಹಾಲು ಹೆಚ್ಚಲಿಲ್ಲ, ನೀರು ಹೆಚ್ಚಿತು!

ಆ ಅರ್ಧ ಲೀಟರಿನಲ್ಲಿ ಏನೇನು ಆಗಬೇಕಿತ್ತು ಅಂತೀರಿ? ಎರಡು ಹೊತ್ತಿನ ಚಹಾ, ನಾಲ್ವರ ಊಟಕ್ಕೆ ಮಜ್ಜಿಗೆ, ನಾಳೆಗೆ ಹೆಪ್ಪು, ಮೇಲೆ ಹೇಳದೆ ಬರುವ ಅತಿಥಿಯ ಹೆಸರಿನಲ್ಲಿ ಒಂದು ಗುಟುಕು ಮೀಸಲು. ನಮ್ಮ ಮಜ್ಜಿಗೆ ಎಷ್ಟು ನಿರ್ಮಲವಾಗಿತ್ತೆಂದರೆ, ತಳದಲ್ಲಿ ಬಿದ್ದ ಕರಿಬೇವಿನ ಎಲೆಯ ನರಗಳು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತಿದ್ದವು.

ಲೋಟದಲ್ಲಿ ಬರೀ ಹಾಲು ಕುಡಿಯುವ ಭಾಗ್ಯ ಒಂದೇ ಸಂದರ್ಭದಲ್ಲಿ ಸಿಗುತ್ತಿತ್ತು. ಪರೀಕ್ಷೆ ಇದ್ದವರಿಗೆ ಅರ್ಧ ಲೋಟ! ಈ ಕಾನೂನು ಜಾರಿಯಾದದ್ದೇ ತಡ, ಅತ್ಯಾನ ಮಗಳಿಗೆ ದಿನಾ ಪರೀಕ್ಷೆ ಶುರುವಾಯಿತು. ಸೋಮವಾರ ಗಣಿತ, ಮಂಗಳವಾರ ತೆಲುಗು, ಬುಧವಾರ ಮತ್ತೆ ಗಣಿತ. ಭಾನುವಾರಕ್ಕೂ ಒಂದು ಡ್ರಾಯಿಂಗ್ ಪರೀಕ್ಷೆ ಇಟ್ಟುಕೊಂಡಳು! ಮೂರು ವಾರ ಹೀಗೇ ನಡೆಯಿತು. ಒಂದು ದಿನ ತರಕಾರಿ ಅಂಗಡಿಯಲ್ಲಿ ಅವಳ ಟೀಚರು ಅತ್ಯಾನಿಗೆ ಎದುರಾದರು.

"ಇತ್ತೇ ಪರೀಕ್ಷಾ ಕಾಯ್ಕು ಮೇಡಂ? ನಮ್ಮ ಹುಡುಗಿ ಹಾಲು ಕುಡದು ಕುಡದು ಸಾಕಾಗ್ಯಾಳ!" ಇಷ್ಟೊಂದು ಪರೀಕ್ಷೆ ಯಾಕೆಂದು ಅತ್ಯಾ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ತರಾಟೆಗೆ ತೆಗೆದುಕೊಂಡಳು.

ಟೀಚರಿಗೆ ಹಾಲಿನ ಭಾಗ ಅರ್ಥವಾಗಲಿಲ್ಲ. ಪರೀಕ್ಷೆಯ ಭಾಗ ಅರ್ಥವಾಯಿತು. ಕಳೆದ ತಿಂಗಳಿಂದ ಒಂದೇ ಒಂದು ಪರೀಕ್ಷೆಯೂ ಆಗಿಲ್ಲವೆಂದು ಹೇಳಿ ಹೋದರು. ಆ ಸಂಜೆ ಮಗಳಿಗೆ ಹಾಲು ನಿಂತಿತು. ಲೋಟ ಖಾಲಿಯಾಗಿದ್ದನ್ನು ಕಂಡು ಮಾಮಾ ಮೆಲ್ಲಗೆ ಅರ್ಜಿ ಹಾಕಿದರು.

"ನಮ್ಮ ಫ್ಯಾಕ್ಟರಿಯೊಳಗೂ ನಾಳೆ ಇನ್‌ಸ್ಪೆಕ್ಷನ್ ಐತಿ. ಅದೂ ಒಂದ್ ನಮೂನಿ ಪರೀಕ್ಷಾನ ಅಲ್ಲೇನು?"

"ಅದು ಮಷೀನಿಗೆ ಪರೀಕ್ಷಾ. ಮಷೀನಿಗೆ ಎಣ್ಣಿ ಕುಡಸ್ರಿ," ಎಂದಳು ಅತ್ಯಾ.

ಈಗ ಎಮ್ಮೆಗಳ ವಿಷಯ. ತಬೇಲಾದಲ್ಲಿ ಎಂಟು ಎಮ್ಮೆ, ಅವುಗಳ ಯಜಮಾನ ಒಬ್ಬ ಚಾಚಾ. ಮಿಕ್ಕವರ ಮನೆಗೆ ಆತ ಸೈಕಲ್ ಮೇಲೆ ಹಾಲು ತಂದು ಕೊಡುತ್ತಿದ್ದ. ಅತ್ಯಾ ಮಾತ್ರ ಬೆಳಿಗ್ಗೆ ತಾನೇ ಹೋಗಿ, ಕಣ್ಣೆದುರೇ ಹಿಂಡಿಸಿಕೊಂಡು ಬರುತ್ತಿದ್ದಳು. ಅರ್ಧ ಲೀಟರಿಗೆ ಅರ್ಧ ತಾಸಿನ ತಪಾಸಣೆ! ಮೊದಲು ಬಕೆಟ್ಟು ಬೋರಲು ಹಾಕಿಸಬೇಕು. ಆಮೇಲೆ ಚಾಚಾನ ತೋಳು ಮೇಲಕ್ಕೆ ಮಡಚಿಸಬೇಕು. ತೋಳಿನಲ್ಲಿ ನೀರಿನ ಚೀಲ ಅಡಗಿಸಿದ್ದರೆ? ಕೊನೆಗೆ ಎಮ್ಮೆಯ ಮುಖಕ್ಕೆ ಮುಖ ಕೊಟ್ಟು ನಿಂತು, "ಏನವಾ, ನಿನ್ನಿ ಹಾಲು ಯಾಕ ತೆಳ್ಳಗಿತ್ತು? ಇಂವ ಮೇವು ಹಾಕಿಲ್ಲೇನು?" ಎಂದು ವಿಚಾರಣೆ. ತೆಲಂಗಾಣದ ಎಮ್ಮೆ ಲಿಂಗಸುಗೂರಿನ ಕನ್ನಡಕ್ಕೆ ಏನು ಉತ್ತರ ಕೊಟ್ಟೀತು? ಕಿವಿ ಹಿಂದಕ್ಕೆ ಹಾಕಿ ಸುಮ್ಮನೆ ನಿಲ್ಲುತ್ತಿತ್ತು.

ಒಂದು ದಿನ ಚಾಚಾ ನಮ್ಮ ಮನೆಗೇ ಬಂದು ಎರಡೂ ಕೈ ಜೋಡಿಸಿದ. "ಅಮ್ಮಾ, ತುಮ್ ಆಯೇ ತೋ ಭೈಂಸ್ ದೂಧ್ ಊಪರ್ ಚಢಾ ಲೇತೀ! ತುಮ್ ನಕ್ಕೋ ಆವೋ, ಮೈಂ ಘರ್ ಲಾಕೋ ದೇತೂಂ!" ನೀವು ಬಂದರೆ ಎಮ್ಮೆ ಹಾಲನ್ನೇ ಮೇಲಕ್ಕೆ ಎಳೆದುಕೊಳ್ಳುತ್ತದೆ, ದಯಮಾಡಿ ಬರಬೇಡಿ, ನಾನೇ ಮನೆಗೆ ತಂದು ಕೊಡುತ್ತೇನೆ ಎಂದು ಗೋಗರೆದ. ಅತ್ಯಾ ಸ್ವಲ್ಪವೂ ಅಲುಗಲಿಲ್ಲ. ಆತ ಹೋದ ಮೇಲೆ ನನ್ನತ್ತ ತಿರುಗಿ, "ಎಮ್ಮಿ ಅಲ್ಲವಾ ಹೆದರಿದ್ದು, ಇಂವ!" ಎಂದಳು. ಮರುದಿನ ಮತ್ತೆ ಹೋದಳು.

ನಾನು ಡಿಗ್ರಿಗೆ ಸೇರುವ ಹೊತ್ತಿಗೆ ಮಾಮಾ ಸೂಪರ್‌ವೈಸರ್ ಆದರು. ಬೇರೆ ಮನೆಗಳಲ್ಲಿ ಬಡ್ತಿ ಸಿಕ್ಕರೆ ಸೀರೆ ಬರುತ್ತದೆ, ಬಳೆ ಬರುತ್ತದೆ. ನಮ್ಮಲ್ಲಿ ಹಾಲು ಬಂತು! ಅರ್ಧ ಲೀಟರು ಒಂದಾಯಿತು, ಒಂದು ಎರಡಾಯಿತು. ಎರಡು ಲೀಟರು ಬರುವ ಮನೆಗೆ ಫ್ರಿಜ್ಜು ಇಲ್ಲದಿದ್ದರೆ ಹೇಗೆ? ಅದೂ ಬಂತು. ಬಂದ ದಿನವೇ ಅತ್ಯಾ ಅದರೊಳಗೆ ಕೆನೆ ಕೂಡಿಡಲು ಶುರು ಮಾಡಿದಳು. ಮೊದಲು ಒಂದು ಡಬ್ಬಿ, ಆಮೇಲೆ ಎರಡು, ಆಮೇಲೆ ಪಾತೇಲಿ. ತರಕಾರಿಗೆಂದು ಕಂಪನಿಯವರು ಕೊಟ್ಟಿದ್ದ ಡ್ರಾಯರಿನಲ್ಲೂ ಕೆನೆ! ಬದನೆಕಾಯಿ, ಬೆಂಡೆಕಾಯಿ ಎಲ್ಲ ಹೊರಗೆ ಬಿಸಿಲಿನಲ್ಲಿ ಬಾಡುತ್ತಿದ್ದರೆ ಕೆನೆ ಒಳಗೆ ತಣ್ಣಗೆ ಮಲಗಿರುತ್ತಿತ್ತು.

ಹತ್ತು ದಿನಕ್ಕೊಮ್ಮೆ ಬೆಣ್ಣೆ ಕಾಯಿಸುವ ಹಬ್ಬ. ಅವತ್ತು ಅತ್ಯಾ ಮನೆಯ ಎಲ್ಲ ಕಿಟಕಿಗಳನ್ನೂ ತೆರೆಯುತ್ತಿದ್ದಳು. ಮುಂಬಾಗಿಲಿಗೆ ಇಟ್ಟಿಗೆ ಆನಿಸುತ್ತಿದ್ದಳು, ಮುಚ್ಚಿಕೊಳ್ಳಬಾರದೆಂದು. ತುಪ್ಪ ನಮ್ಮ ಮನೆಗೆ, ವಾಸನೆ ಗಲ್ಲಿಗೆಲ್ಲ! "ಸೆಕಿ ಹೊರಗ ಹೋಗಲಿ ಅಂತ ತೆಗದೀನಿ," ಎನ್ನುತ್ತಿದ್ದಳು. ಬರೀ ಸೆಕೆ ಹೋಗಲೆಂದು ಯಾರಾದರೂ ಮೆಟ್ಟಿಲ ಮೇಲೆ ನಿಂತು ಬೀಸಣಿಗೆ ಬೀಸುತ್ತಾರೆಯೇ?

ಹಾಲು ಹೆಚ್ಚಿದಂತೆ ನಾಲಿಗೆಯೂ ಉದ್ದವಾಯಿತು. ಯಾರ ಮನೆಗೆ ಹೋದರೂ ಚಹಾದ ಬಣ್ಣ ನೋಡಿಯೇ ಆ ಮನೆಯ ಸ್ಥಿತಿಗತಿ ಹೇಳಿಬಿಡುತ್ತಿದ್ದಳು. ಎದುರಿನ ಮನೆಗೆ ಹೊಸದಾಗಿ ಬಂದ ಹೆಂಗಸು ನಮ್ಮನ್ನು ಚಹಾಕ್ಕೆ ಕರೆದಳು. ಅಪ್ಪಟ ತೆಲುಗು ಮಾತಾಡುವವಳು. ಅತ್ಯಾ ಒಂದು ಗುಟುಕು ಕುಡಿದು, ಮುಖದ ತುಂಬ ನಗು ಇಟ್ಟುಕೊಂಡೇ ನನಗೆ ಕನ್ನಡದಲ್ಲಿ ಹೇಳಿದಳು: "ಹಾಲು ಈ ಕಪ್ಪಿನೊಳಗ ಬಂದಿಲ್ಲವಾ, ಬಾಜೂಕ ಹಾದು ಹೋಗೇತಿ."

ಆ ಹೆಂಗಸು ಅಷ್ಟೇ ನಗುತ್ತ, "ನಾ ಹುಟ್ಟಿದ್ದು ರಾಯಚೂರಾಗ್ರೀ," ಎಂದಳು!

ನಾನು ಕಪ್ಪಿನೊಳಗೇ ಮುಳುಗಿ ಸಾಯಲು ನೋಡಿದೆ. ಅತ್ಯಾ? "ಹೌದ? ಹಂಗಾರ ನಾಳಿಂದ ಛಲೋತ್ನಂಗ ಮಾಡ್ರಿ," ಎಂದು ಕಪ್ಪು ಖಾಲಿ ಮಾಡಿದಳು.

ಎರಡು ವರ್ಷ ಹೀಗೆ ಕೆನೆಯಲ್ಲಿ ಈಜಿದೆವು. ನನ್ನ ಡಿಗ್ರಿಯ ಎರಡನೆಯ ವರ್ಷದ ಮೇ ತಿಂಗಳಲ್ಲಿ ಮಾಮಾನ ಕಾರ್ಖಾನೆಗೆ ಬೀಗ ಬಿತ್ತು. ಮಾಲೀಕರ ನಡುವೆ ಜಗಳವಂತೆ. ಮಾಮಾ ಒಂದು ವಾಕ್ಯದಲ್ಲಿ ವಿಷಯ ತಿಳಿಸಿ, ಚಪ್ಪಲಿ ಬಿಟ್ಟು ಒಳಗೆ ಹೋದರು. ಮರುದಿನ ಬೆಳಿಗ್ಗೆ ಅತ್ಯಾ ಎರಡು ಲೀಟರಿನ ಬದಲು ಒಂದು ತಂದಳು. "ಬ್ಯಾಸಗಿ ಐತಿ. ಎಮ್ಮಿ ಹಾಲು ಮೈಗೆ ಉಷ್ಣ. ಬ್ಯಾಸಗಿ ಮುಗಿಯೂತನ ಕಮ್ಮಿ ಕುಡೀರಿ," ಎಂದಳು.

ಜೂನ್‌ನಲ್ಲಿ ಮಳೆ ಬಂತು. ಅತ್ಯಾನ ಬೇಸಿಗೆ ಮುಗಿಯಲಿಲ್ಲ. ಒಂದು ಲೀಟರು ಅರ್ಧವಾಯಿತು. ಆಗಸ್ಟಿನಲ್ಲಿ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಆಗಲೂ ಬೇಸಿಗೆ! ಅರ್ಧ ಲೀಟರು ಪಾವು ಲೀಟರಾಯಿತು. ಡಿಸೆಂಬರಿನ ಚಳಿಯಲ್ಲಿ ನಾವಿಬ್ಬರು ಹುಡುಗಿಯರು ಒಂದೇ ರಗ್ಗಿನೊಳಗೆ ಕೂತು ಹಲ್ಲು ಕಟಕಟಿಸುತ್ತಿದ್ದಾಗ, ಮಗಳು ತಡೆಯಲಾರದೆ ಕೇಳಿದಳು: "ಅವ್ವಾ, ಈ ಬ್ಯಾಸಗಿ ಯಾವಾಗ ಮುಗೀತೈತಿ?"

"ಈ ವರ್ಷ ಸ್ವಲ್ಪ ಲಂಬ ಆಗೇತಿ," ಎಂದಳು ಅತ್ಯಾ, ಶಾಲು ಬಿಗಿಯಾಗಿ ಹೊದ್ದುಕೊಂಡು.

ಫ್ರಿಜ್ಜಿನಲ್ಲಿ ನೀರಿನ ಬಾಟಲಿಗಳು ಮಾತ್ರ ಉಳಿದವು. ಬೆಂಡೆಕಾಯಿಗೆ ಕೊನೆಗೂ ಒಳಗೆ ಜಾಗ ಸಿಕ್ಕಿತು. ಮಾಮಾ ಗಲ್ಲಿಯವರ ಫ್ಯಾನು, ಮಿಕ್ಸಿ ರಿಪೇರಿ ಮಾಡಿಕೊಡುತ್ತ ಒಂಬತ್ತು ತಿಂಗಳು ಕಳೆದರು. ಫೆಬ್ರವರಿಯ ಒಂದು ಸಂಜೆ ಅವರು ಹೊರಗಿನಿಂದ ಬರುವಾಗ ಕೈಯಲ್ಲಿ ಒಂದು ಲೀಟರಿನ ಹಾಲಿನ ಪಾಕೀಟು ಇತ್ತು. ಅದನ್ನು ಒಲೆಯ ಪಕ್ಕ ಇಟ್ಟರು. ಅತ್ಯಾ ಪಾಕೀಟು ನೋಡಿದಳು, ಗಂಡನ ಮುಖ ನೋಡಿದಳು.

"ಬ್ಯಾಸಗಿ ಮುಗೀತೇನ್ರಿ?"

"ಮುಗೀತು," ಎಂದರು ಮಾಮಾ.

ಹೊರಗೆ ಆಗಷ್ಟೇ ನಿಜವಾದ ಬೇಸಿಗೆ ಶುರುವಾಗುತ್ತಿತ್ತು!

ಮುಂದೆ ಮಗಳು ಓದು ಮುಗಿಸಿ ಬ್ಯಾಂಕಿನ ಕೆಲಸಕ್ಕೆ ಸೇರಿದಳು. ಮಾಮಾನ ಹೊಸ ಕೆಲಸದ ಸಂಬಳವೂ ಅವಳದೂ ಸೇರಿ ಉಪ್ಪಲ್‌ನಲ್ಲಿ ಸ್ವಂತ ಫ್ಲ್ಯಾಟು ಆಯಿತು. ತಬೇಲಾ ಬಿಡುವಾಗ ಅತ್ಯಾ ಅತ್ತಳು, ಎಮ್ಮೆಗಳು ಏನು ಮಾಡಿದವೋ ನನಗೆ ಗೊತ್ತಿಲ್ಲ. ಆಮೇಲೆ ಮಗಳಿಗೆ ವರ ನೋಡುವ ಕಾಲ ಬಂತು. ಬೇರೆಯವರು ಹುಡುಗನ ಸಂಬಳ ಕೇಳುತ್ತಾರೆ, ಗೋತ್ರ ಕೇಳುತ್ತಾರೆ. ಅತ್ಯಾ ಕೇಳಿದ್ದು, "ನಿಮ್ಮ ಮನ್ಯಾಗ ದಿನಾ ಎಷ್ಟು ಹಾಲು ತಗೋತೀರಿ?"

ಮೊದಲ ಹುಡುಗನ ಮನೆಗೆ ನಾವೆಲ್ಲ ಊಟಕ್ಕೆ ಹೋದೆವು. ಗೋಡೆಯ ಅಗಲಕ್ಕೂ ಟಿವಿ, ಕಾಲು ಹುಗಿಯುವಂಥ ಸೋಫಾ. ಹುಡುಗನಿಗೆ ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸವಂತೆ. ಎಲ್ಲರೂ ಖುಷಿಯಾಗಿದ್ದಾಗ ಮೊಸರು ಬಂತು. ಅತ್ಯಾ ಸೌಟು ಎತ್ತಿ ಸುರಿದು ನೋಡಿದಳು. ಅದು ತಟ್ಟೆಯಲ್ಲಿ ನಿಲ್ಲದೆ ಅನ್ನವನ್ನೂ ದಾಟಿ ಉಪ್ಪಿನಕಾಯಿಯತ್ತ ಓಡಿತು. ಮನೆಗೆ ಬಂದವಳೇ, "ಬ್ಯಾಡ," ಎಂದಳು. ಮಾಮಾ ಸಿಟ್ಟಿಗೆದ್ದರು. "ಮಸರು ನೋಡಿ ಹುಡುಗನ್ನ ಬಿಡ್ತಾರೇನು? ಹುಚ್ಚಿ!"

"ಪಗಾರ ಎಷ್ಟಂತ ಬಾಯಿಲೆ ಏನರೆ ಹೇಳಬಹುದು. ಮಸರಿಗೆ ಬಾಯಿ ಇಲ್ಲ."

ಆರು ತಿಂಗಳ ನಂತರ ಬೇರೆಯವರಿಂದ ಸುದ್ದಿ ಬಂತು. ಆ ಹುಡುಗನ ಕೆಲಸ ನಾವು ಊಟಕ್ಕೆ ಹೋಗುವ ಮುಂಚೆಯೇ ಹೋಗಿತ್ತಂತೆ! ಮಾಮಾ ಮೆತ್ತಗಾಗಿ, "ಪಾಪ, ನಮಗೂ ಅಂಥಾ ಕಾಲ ಬಂದಿತ್ತಲ್ಲ," ಎಂದರು.

"ಕಾಲ ಬರೂದು ತಪ್ಪಲ್ರೀ. ಹೆಣ್ಣು ಕೊಡವರ ಮುಂದ ಮುಚ್ಚಿಟ್ರಲ್ಲ, ಅದು ತಪ್ಪು," ಎಂದಳು ಅತ್ಯಾ.

ಎರಡನೆಯ ಹುಡುಗ ನಮ್ಮ ಮನೆಗೆ ಬಂದು ಮೊಸರನ್ನ ನಾಲ್ಕು ಸಲ ಹಾಕಿಸಿಕೊಂಡ. ಮೇಲಿನ ಕೆನೆಯನ್ನು ಬೆರಳಿನಿಂದ ಬಳಿದು ತಿಂದ. ಅತ್ಯಾನ ಕಣ್ಣಲ್ಲಿ ನೀರು! ಜಾತಕ ಅಲ್ಲೇ ಕೂಡಿಹೋಯಿತು. ಮದುವೆಯಾಯಿತು, ಮೊಮ್ಮಗ ಹುಟ್ಟಿದ, ಅಳಿಯ ಹೆಂಡತಿ, ಮಗನ ಸಮೇತ ಅದೇ ಫ್ಲ್ಯಾಟಿಗೆ ಬಂದು ನೆಲೆಸಿದ. ಈಗ ಹಾಲಿಗೆ ಏನು ಕೊರತೆ? ಬೇಕಾದರೆ ಸ್ನಾನಕ್ಕೂ ತರಿಸಬಹುದು.

ಆಗ ಡಾಕ್ಟರುಗಳು ಬಂದರು! ಮಾಮಾನಿಗೆ ಕೊಲೆಸ್ಟರಾಲು, ಕೆನೆ ಬಂದ್. ಅತ್ಯಾನಿಗೆ ಶುಗರು ಮತ್ತು ಅಸಿಡಿಟಿ, ಚಹಾ ಬಂದ್. ಮೊಮ್ಮಗನಿಗೆ ಹಾಲು ಕುಡಿದರೆ ಹೊಟ್ಟೆನೋವು, ಅವನದು ಬೇರೆಯದೇ ಡಬ್ಬಿ. ಬೆರಳಿನಿಂದ ಕೆನೆ ಬಳಿದು ತಿಂದು ಹೆಂಡತಿಯನ್ನು ಗೆದ್ದ ಆ ಅಳಿಯ ಜಿಮ್ಮಿಗೆ ಸೇರಿ ಬಾದಾಮಿ ಹಾಲಿಗೆ ಹೊರಳಿದ! ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ಐದು ಜನರಿಗೆ ನಾಲ್ಕು ಬಗೆಯ ಹಾಲು, ಹೆಪ್ಪು ಹಾಕಲು ಒಂದೂ ಯೋಗ್ಯವಲ್ಲ. ಹಣವಿಲ್ಲದಾಗ ಹಾಲಿಗೆ ಬಾಯಿ ಬಿಡುತ್ತಿದ್ದ ಮನೆ, ಹಣ ಬಂದ ಮೇಲೆ ಹಾಲು ಕಂಡರೆ ಬೆಚ್ಚುತ್ತಿತ್ತು.

ಒಂದು ಬೆಳಿಗ್ಗೆ ಅತ್ಯಾನ ಫೋನು ಬಂತು. ದನಿಯಲ್ಲಿ ಗಾಬರಿ.

"ತಂಗೀ, ನಿನ್ನಿ ಸಂಜಿಕ ಹೆಪ್ಪು ಹಾಕೀನಿ. ಇನ್ನೂ ಮಸರು ಆಗವಲ್ದು. ಈ ಹಾಲಿನಾಗ ಏನೋ ಸತ್ತೈತಿ!"

"ಯಾವ ಹಾಲು ಅತ್ಯಾ?"

"ಅಳಿಯಂದು. ಅರ್ಧ ಡಬ್ಬಿ ಸುಮ್ನ ಬಿದ್ದಿತ್ತು, ಹಾಳಾಕ್ಕೈತಿ ಅಂತ..."

"ಅದು ಬಾದಾಮಿದು ಅತ್ಯಾ, ಎಮ್ಮೀದಲ್ಲ!"

ಆ ಕಡೆ ಡಬ್ಬಿ ಅಲುಗಿಸುವ ಸದ್ದು. ಆಮೇಲೆ ಅತ್ಯಾ ಕೇಳಿದಳು, "ಹಂಗಾರ ಇದರಾಗ ನೀರು ಬೆರಸ್ಯಾರೋ ಇಲ್ಲೋ ಯಾರನ್ನ ಕೇಳೂದು?"

ಇಷ್ಟು ಹೊತ್ತೂ ಅತ್ಯಾನ ಮನೆಯ ಹಾಲನ್ನೇ ಅಳೆದೆ. ನನ್ನ ಮನೆಯದನ್ನೂ ಹೇಳಬೇಕಲ್ಲ. ಮದುವೆಯಾದ ಮೇಲೆ ನಾನು ಹಿಮಾಯತ್‌ನಗರದಲ್ಲೇ ಬಾಡಿಗೆಗಿದ್ದೇನೆ. ಗಂಡ, ನಾನು, ಎಂಟು ವರ್ಷದ ಮಗಳು. ಹೋದ ವರ್ಷ ನನ್ನ ಗಂಡ ಕೆಲಸ ಮಾಡುತ್ತಿದ್ದ ಸಣ್ಣ ಕಚೇರಿ ಮುಚ್ಚಿಹೋಯಿತು. ಇವತ್ತು ಸಿಗುತ್ತದೆ, ನಾಳೆ ಸಿಗುತ್ತದೆ ಎಂದು ನಾವಿಬ್ಬರೂ ಯಾರಿಗೂ ಹೇಳಲಿಲ್ಲ. ಬಾಡಿಗೆ ಕಡಿಮೆ ಮಾಡಲಾಗುವುದಿಲ್ಲ, ಶಾಲೆಯ ಫೀಸು ಕಡಿಮೆ ಮಾಡಲಾಗುವುದಿಲ್ಲ. ಹಾಗಾಗಿ ಮೊದಲು ಪನೀರು ಹೋಯಿತು, ಆಮೇಲೆ ತುಪ್ಪ. ಆಮೇಲೆ ಹಾಲು ಅರ್ಧಕ್ಕಿಳಿಯಿತು. ಇದ್ದಷ್ಟನ್ನು ಮಗಳಿಗೆ ತೆಗೆದಿಟ್ಟು ನಾವು ಚಹಾ ಹೇಗೋ ಮಾಡಿಕೊಳ್ಳುತ್ತಿದ್ದೆವು.

ಒಂದು ಮಧ್ಯಾಹ್ನ ಗಂಡ ಯಾವುದೋ ಸಂದರ್ಶನಕ್ಕೆ ಹೋಗಿದ್ದರು. ಬೆಲ್ಲು ಆಯಿತು. ಬಾಗಿಲು ತೆಗೆದರೆ ಅತ್ಯಾ! ಮೆಟ್ರೋ ಇಳಿದು, ಆಟೋ ಹಿಡಿದು, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಿದ್ದಾಳೆ. "ಈ ಕಡೆ ಸೀರಿಗೆ ಫಾಲ್ ಹಚ್ಚಾಕ ಕೊಟ್ಟಿದ್ದೆ. ಹಂಗ ನಿನ್ನ ನೋಡಿ ಹೋಗೋಣಂತ ಬಂದೆ. ಚಾ ಹಾಕು," ಎಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

ಮಗಳ ಸಂಜೆಯ ಲೋಟದಷ್ಟು ಹಾಲು ಬಿಟ್ಟರೆ ಮನೆಯಲ್ಲಿ ಬೇರೆ ಹಾಲಿರಲಿಲ್ಲ. ಅದರಲ್ಲಿ ಎರಡು ಚಮಚ ಕದ್ದೆ. ಬೆಲ್ಲದ ಬಣ್ಣದ ಚಹಾ ಕಪ್ಪಿಗೆ ಬಿತ್ತು. ಕೊಟ್ಟವಳೇ ಬೆನ್ನು ತಿರುಗಿಸಿ ಸಿಂಕಿನಲ್ಲಿ ಇಲ್ಲದ ಪಾತ್ರೆ ತೊಳೆಯಲು ನಿಂತೆ. ಈಗ ಬರುತ್ತದೆ ಮಾತು, ಇನ್ನೊಂದು ಕ್ಷಣದಲ್ಲಿ ಬರುತ್ತದೆ ಎಂದು ಕಾದೆ. ಗುಟುಕರಿಸುವ ಸದ್ದು ಮಾತ್ರ ಕೇಳಿಸಿತು. ಕೊನೆಯ ಗುಟುಕಿನವರೆಗೂ ಅಷ್ಟೇ.

"ಛಲೋ ಆಗೇತಿ," ಎಂದಳು ಅತ್ಯಾ. "ಇನ್ನೊಂದು ಕಪ್ ಹಾಕು. ನಿನಗೂ ಹಾಕ್ಕೋ. ಇಷ್ಟು ಹಾಲು ಬ್ಯಾಡ, ಬರೇ ಡಿಕಾಕ್ಷನ್ ನಡೀತೈತಿ."

ನಾನು ತಿರುಗಲಿಲ್ಲ. ತಿರುಗಿದ್ದರೆ ಅತ್ತುಬಿಡುತ್ತಿದ್ದೆ. ಅವಳೇ ಎದ್ದು ಬಂದು, ಒದ್ದೆಯಾಗಿದ್ದ ನನ್ನ ಕೈ ಹಿಡಿದು ನಲ್ಲಿ ನಿಲ್ಲಿಸಿದಳು.

"ಎಷ್ಟು ತಿಂಗಳಾತು?"

"ನಾಕು."

"ನಾ ಕೇಳಿದೆ ಅಂತ ನಿನ್ನ ಗಂಡಗ ಹೇಳಬ್ಯಾಡ. ನಿಮ್ಮಪ್ಪಗ ನಾನೂ ಹೇಳಂಗಿಲ್ಲ."

ಅಷ್ಟೇ. ಮಾಮಾನ ಮಾತು ಎತ್ತಲಿಲ್ಲ, ಬುದ್ಧಿ ಹೇಳಲಿಲ್ಲ, ಸೆರಗಿನ ಗಂಟು ಬಿಚ್ಚಲಿಲ್ಲ. ಎರಡನೆಯ ಕಪ್ಪು ಕುಡಿದು ಹೋದಳು. ಮರುದಿನ ಅದೇ ಹೊತ್ತಿಗೆ ಮತ್ತೆ ಬಂದಳು. ಅದರ ಮರುದಿನವೂ ಬಂದಳು. ಕೈಯಲ್ಲಿ ಒಂದು ಬಿಸ್ಕೀಟಿನ ಪೊಟ್ಟಣವನ್ನೂ ತಾರದೆ, ನೆಂಟರ ಹಾಗೆ ಬರಿಗೈಯಲ್ಲಿ ಬಂದು, ಮೊಮ್ಮಗನ ತಂಟೆ, ಅಳಿಯನ ಜಿಮ್ಮು ಎಂದು ಹರಟಿ ನನ್ನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿ ಹೋಗುತ್ತಿದ್ದಳು. ಎರಡು ತಿಂಗಳ ನಂತರ ನನ್ನ ಗಂಡನಿಗೆ ಕೆಲಸ ಸಿಕ್ಕಿತು. ಅಲ್ಲಿಯವರೆಗೂ ಒಂದು ದಿನ ತಪ್ಪಿಸಲಿಲ್ಲ.

ಅದರ ನಡುವೆ ಒಮ್ಮೆ ನಾನು ಕೇಳಿದ್ದೆ. "ಅತ್ಯಾ, ನಿನಗ ಡಾಕ್ಟರು ಚಾ ಬ್ಯಾಡ ಅಂದಾರಲ್ಲ? ಉಪ್ಪಲ್‌ನಿಂದ ಇಷ್ಟು ದೂರ, ಮಣಕಾಲು ನೋವು ಬ್ಯಾರೆ. ದಿನಾ ಯಾಕ ಬರ್ತಿ?"

ಅತ್ಯಾ ಖಾಲಿ ಕಪ್ಪನ್ನು ಕೆಳಗಿಟ್ಟಳು.

"ಆ ಲಂಬ ಬ್ಯಾಸಗಿ ಇತ್ತಲ್ಲ, ಆ ಒಂಬತ್ತು ತಿಂಗಳ ನಮ್ಮ ಮನಿಗೆ ಯಾರೂ ಚಾಕ್ಕ ಬರ್ಲಿಲ್ಲವಾ," ಎಂದಳು. "ನಾನ ಯಾರನ್ನೂ ಕರೀಲಿಲ್ಲ."